ನಲವತ್ತಾರು ಸಲ ಜಾರಿದ ಸೆರಗು

ಸಂಜೆ ಐದೂವರೆಗೆ ಹಬೆ ನಿಂತಿತು. ಏಳನೆಯ ತೊಟ್ಟಿಯ ಮೇಲೆ ತೂಗುಹಾಕಿದ್ದ ಹಸ್ತದರ್ಶಕ ಯಂತ್ರ ಎಂದಿನ ಸೌಜನ್ಯದಿಂದ ಕೇಳಿತು: “ಮುನಿರತ್ನಮ್ಮನವರೇ, ಇಂದು ನಲವತ್ತಾರು ಸಲ ನಿಮ್ಮ ಎಡಗೈ ತೊಟ್ಟಿ ಬಿಟ್ಟು ಹೋಗಿತ್ತು. ಎಲ್ಲಿಗೆ?”

“ಸೆರಗು ಸರಿ ಮಾಡ್ಕೊಂತಿದ್ದೆ,” ಎಂದರು ಮುನಿರತ್ನಮ್ಮ.

ಯಂತ್ರ ನಂಬಿತು. ಮೂವತ್ತೊಂದು ವರ್ಷ ಬಿಸಿನೀರಿನ ಮುಂದೆ ಕೂತ ಹೆಂಗಸು ಬೆಳಿಗ್ಗೆ ಸೆರಗು ಸಿಕ್ಕಿಸಿದರೆ ಅದು ಸಂಜೆಯವರೆಗೂ ಅಲ್ಲಾಡುವುದಿಲ್ಲ ಎಂದು ಅದಕ್ಕೇನು ಗೊತ್ತು!

ಇದು ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯ ಮಾತು. ಆ ಹೊತ್ತಿಗೆ ಬಿಳಿ ಗೂಡುಗಳ ನೂಲನ್ನೆಲ್ಲ ಯಂತ್ರಗಳೇ ಬಿಚ್ಚತೊಡಗಿ ಬಹಳ ವರ್ಷಗಳಾಗಿದ್ದವು. ಹಳದಿ ನಾಟಿ ಗೂಡು ಮಾತ್ರ ಯಾವ ಯಂತ್ರಕ್ಕೂ ಬಗ್ಗಿರಲಿಲ್ಲ, ಏಕೆಂದರೆ ಅದರ ಎಳೆ ಒಂದೊಂದು ಕಡೆ ಒಂದೊಂದು ದಪ್ಪ. ಬಿಸಿನೀರಿನಲ್ಲಿ ತೇಲುವ ಎಂಟು ಗೂಡುಗಳ ಎಳೆಗಳು ಸೇರಿ ಒಂದು ನೂಲಾಗುತ್ತದೆ. ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ತುದಿ ಹುಡುಕಿ ಸೇರಿಸಬೇಕು. ತಡವಾದರೆ ನೂಲು ತೆಳುವಾಗಿ ತುಂಡಾಗುತ್ತದೆ. ಆ ತುದಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಸಿಗಬೇಕು.

ಇಂಥ ಕೈಗೆಲಸ ಕಲಿಸಲೆಂದೇ ಡಾ. ಭಾರ್ಗವಿಯವರು ಹಸ್ತದರ್ಶಕವನ್ನು ರೂಪಿಸಿದ್ದರು. ಅದು ದಿನವಿಡೀ ಕೈಗಳ ಚಲನೆಯನ್ನು ದಾಖಲಿಸುತ್ತದೆ. ಸಂಜೆ, ನೂಲು ತುಂಡಾದ ಅಥವಾ ತುಂಡಾಗುವುದರಲ್ಲಿದ್ದ ಕ್ಷಣಗಳನ್ನು ಆಯ್ದು ಅವರವರಿಗೆ ನಿಧಾನಗತಿಯಲ್ಲಿ ತೋರಿಸಿ, ಒಂದೆರಡು ಪ್ರಶ್ನೆ ಕೇಳುತ್ತದೆ. ಮನುಷ್ಯ ತನ್ನನ್ನು ತಾನು ನೋಡಿಕೊಂಡರೆ ಸಾಕು, ತಾನೇ ತಿದ್ದಿಕೊಳ್ಳುತ್ತಾನೆ ಎಂಬುದು ಭಾರ್ಗವಿಯವರ ನಂಬಿಕೆ. ಒಳ್ಳೆಯ ನಂಬಿಕೆಯೇ. ಆದರೆ ಒಂದು ತೊಟ್ಟಿಯಲ್ಲಿ ಒಬ್ಬರದೇ ಕೈ ಇರುತ್ತದೆ ಎಂದೂ ಅವರು ನಂಬಿದ್ದರು. ಪಾಪ, ಕಾರ್ಖಾನೆಗೆ ಅವರು ಬಂದಿದ್ದದ್ದು ಎರಡೇ ಸಲ.

ಎಂಟನೆಯ ತೊಟ್ಟಿಯಲ್ಲಿ ಹತ್ತೊಂಬತ್ತರ ತಸ್ಲೀಮಾ ಕೂರುತ್ತಿದ್ದಳು. ಅವಳಿಗೆ ಮೂರು ತಿಂಗಳ ಪರೀಕ್ಷಾವಧಿ; ನೂಲು ತುಂಡಾಗುವುದು ಕಡಿಮೆಯಾಗದಿದ್ದರೆ ಮನೆಗೆ. ಮೊದಲ ವಾರ ಚೂಡಿದಾರದ ತೋಳು ಮಡಿಸಿಕೊಂಡು ಕೂತವಳು ತುದಿ ಸಿಗದೆ ಅತ್ತೇಬಿಟ್ಟಳು. ಆಗ ಪಕ್ಕದಿಂದ ಒಂದು ಕೈ ಬಂದು, ತುದಿ ಹಿಡಿದು ಸೇರಿಸಿ, ಏನೂ ನಡೆದಿಲ್ಲವೆಂಬಂತೆ ವಾಪಸು ಹೋಯಿತು. ಅದು ಅಲ್ಲಿಯ ರೂಢಿ. ಹೊಸಬರ ಪಕ್ಕದಲ್ಲಿ ಕೂತವರು ಕೈ ಕೊಡುತ್ತಾರೆ. ಮುಖ ನೋಡುವುದಿಲ್ಲ, ಮಾತಾಡುವುದಿಲ್ಲ, ಆಮೇಲೆ ಎತ್ತಿ ಆಡುವುದೂ ಇಲ್ಲ.

ಹಬೆ ದಟ್ಟವಾಗಿದ್ದ ಕಡೆ ಯಂತ್ರಕ್ಕೆ ಅನುಮಾನ ಬರುತ್ತಿತ್ತು. ಅಂದು ಸಂಜೆ ಅದು, ಈ ಕೈ ನಿಮ್ಮದೇ ತಾನೆ ಎಂದು ತಸ್ಲೀಮಾಳನ್ನು ಕೇಳಿತು. ಅವಳು ಪಕ್ಕಕ್ಕೆ ನೋಡಿದಳು. ಮುನಿರತ್ನಮ್ಮ ಕಣ್ಣಲ್ಲೇ ಹೂಂ ಅನ್ನು ಎಂದರು. ನನ್ನದೇ ಎಂದಳು. ಮೂರು ತಿಂಗಳೂ ಹಾಗೇ ಎಂದಳು.

ಅವಧಿ ಮುಗಿದಾಗ ಯಂತ್ರದ ವರದಿಯಲ್ಲಿ ತಸ್ಲೀಮಾ ಮೇಲಿನ ಸಾಲಿನಲ್ಲಿದ್ದಳು, ಮುನಿರತ್ನಮ್ಮ ಕಟ್ಟಕಡೆಗೆ. ಎಡಗೈ ಅತ್ತ ಹೋದಾಗಲೆಲ್ಲ ಅವರ ನೂಲು ಇತ್ತ ತುಂಡಾಗಿತ್ತು. ಭಾರ್ಗವಿಯವರೇ ಬಂದು ಮೃದುವಾಗಿ ತಿಳಿಸಿದರು: ವಯಸ್ಸಾದಂತೆ ಬೆರಳು ಮಂದವಾಗುತ್ತದೆ, ತಪ್ಪು ನಿಮ್ಮದಲ್ಲ, ಸೋಮವಾರದಿಂದ ನೀವು ಹಿತ್ತಲಿನ ಶೆಡ್ಡಿನಲ್ಲಿ ಸತ್ತ ಹುಳು ಬೇರ್ಪಡಿಸುವ ಕೆಲಸ ಮಾಡಿ. ಮೂಗು ಮುಚ್ಚಿಕೊಂಡು ಮಾಡುವ ಕೆಲಸ ಅದು. ಮೂವತ್ತೊಂದು ವರ್ಷದ ತೊಟ್ಟಿಯನ್ನು ಒಮ್ಮೆ ನೋಡಿ ಮುನಿರತ್ನಮ್ಮ, ಆಗಲಿ ಬಿಡಮ್ಮ ಎಂದಷ್ಟೇ ಹೇಳಿ ಕೈ ಒರೆಸಿಕೊಂಡರು.

ಮಧ್ಯಾಹ್ನ ತಸ್ಲೀಮಾ ಊಟದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಬಾಯಿ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ, ಬಿಡದಿದ್ದರೆ ರತ್ನಕ್ಕನ ತೊಟ್ಟಿ ಹೋಗುತ್ತದೆ. ಗಂಟೆ ಬಾರಿಸುವ ಮೊದಲೇ ಎದ್ದು ಭಾರ್ಗವಿಯವರ ಎದುರು ನಿಂತಳು.

“ಮೇಡಂ, ನನ್ನ ತೊಟ್ಟಿದು ಹಾಕಿ ನೋಡಿ. ಅದರಾಗೆ ಬರೋ ಕೈ ನಂದಲ್ಲ.”

ಭಾರ್ಗವಿಯವರು ಎರಡೂ ತೊಟ್ಟಿಗಳ ದಾಖಲೆಗಳನ್ನು ಮೊದಲ ಬಾರಿಗೆ ಅಕ್ಕಪಕ್ಕ ಇಟ್ಟು ನೋಡಿದರು. ಏಳನೆಯದರಿಂದ ಕೈ ಮಾಯವಾದ ಗಳಿಗೆಯಲ್ಲೇ ಎಂಟನೆಯದರಲ್ಲಿ ಕಾಣುತ್ತಿತ್ತು. ಹಸಿರು ಗಾಜಿನ ಬಳೆ, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ. ಇದನ್ನು ಯಂತ್ರಕ್ಕೆ ಏಕೆ ಹೇಳಲಿಲ್ಲ ಎಂದು ಮುನಿರತ್ನಮ್ಮನವರನ್ನು ಕೇಳಿದರು.

“ಕಲಿಯೋ ಮಗೂ ಕಿವಿಗೆ ಬೀಳೋ ಹಂಗೆ, ನಾನು ಕೈ ಕೊಟ್ಟೆ ಅಂತ ಹೆಂಗಮ್ಮ ಹೇಳ್ಲಿ? ನಾಳೆ ಅದರ ಕೈ ನಡುಗಲ್ವಾ? ನಂಗೂ ಒಬ್ಬಾಕೆ ಹಿಂಗೇ ಕೊಟ್ಟಿದ್ಲು. ಸಾಯೋವರೆಗೂ ಬಾಯಿ ಬಿಡ್ಲಿಲ್ಲ ಪುಣ್ಯಾತ್ಗಿತ್ತಿ.”

ಆದರೂ ನಿಯಮ ನಿಯಮವೇ. ಎರಡು ತೊಟ್ಟಿಗಳ ನಡುವೆ ಹಲಗೆ ನಿಲ್ಲಿಸಿ ತಸ್ಲೀಮಾಳೊಬ್ಬಳನ್ನೇ ಕೂರಿಸಿದರು. ಸೋಲುವುದು ಖಚಿತ ಎಂದೇ ಎಲ್ಲರೂ ಅಂದುಕೊಂಡರು, ಅವಳೂ ಸೇರಿ. ಗಂಟೆ ಕಳೆಯಿತು. ನೂಲು ತುಂಡಾದದ್ದು ಎರಡೇ ಸಲ.

ಇವಳು ಯಾವಾಗ ಕಲಿತಳು? ತೊಂಬತ್ತು ದಿನ ಪ್ರತಿ ಸಂಜೆ ಹಸ್ತದರ್ಶಕ ಅವಳ ಕೈಯೆಂದು ತೋರಿಸಿದ್ದು ಮುನಿರತ್ನಮ್ಮನ ಕೈಯನ್ನು. ಕೆಲಸದ ವೇಗದಲ್ಲಿ ಆ ಬೆರಳುಗಳು ಏನು ಮಾಡುತ್ತವೆಂದು ಮೂವತ್ತೊಂದು ವರ್ಷದಲ್ಲಿ ಯಾರೂ ಕಂಡಿರಲಿಲ್ಲ. ನಿಧಾನಗತಿಯಲ್ಲಿ ತಸ್ಲೀಮಾ ಕಂಡಿದ್ದಳು: ಅವು ತುದಿಯನ್ನು ಹಿಡಿಯುವುದೇ ಇಲ್ಲ, ಮಗುವಿನ ಕೆನ್ನೆ ಸವರಿದಂತೆ ಗೂಡನ್ನು ಸವರುತ್ತವೆ, ತುದಿ ತಾನಾಗಿ ಬರುತ್ತದೆ. ತನ್ನನ್ನು ತಾನು ನೋಡಿಕೊಳ್ಳಲೆಂದು ಮಾಡಿದ ಯಂತ್ರ ಅವಳಿಗೆ ಇನ್ನೊಬ್ಬರನ್ನು ತೋರಿಸಿತ್ತು. ಭಾರ್ಗವಿಯವರಿಗೆ ಅಳು ಬಂತು. ಹಬೆಯ ನೆಪ ಹೇಳಿ ಕನ್ನಡಕ ಒರೆಸಿಕೊಂಡರು.

ಇಬ್ಬರೂ ಉಳಿದರು. ವರದಿ ನೋಡಿ ಯಾರನ್ನೂ ತೊಟ್ಟಿಯಿಂದ ಎಬ್ಬಿಸಕೂಡದು ಎಂದಾಯಿತು. ಭಾರ್ಗವಿಯವರು ಯಂತ್ರಕ್ಕೆ ಹೊಸ ಉತ್ತರವೊಂದನ್ನೂ ಕಲಿಸಿದರು: ಕೈ ನೆರವಿಗೆ ಹೋಗಿತ್ತು ಎಂದರೆ ತುಂಡಾದ ನೂಲು ಲೆಕ್ಕಕ್ಕಿಲ್ಲ. ಸಮಸ್ಯೆ ಬಗೆಹರಿಯಿತೆಂದು ನೆಮ್ಮದಿಯಿಂದ ಹೋದರು.

ವರ್ಷದ ನಂತರ ಬಂದು ನೋಡಿದರೆ, ಆ ಉತ್ತರವನ್ನು ಒಬ್ಬರೂ ಒಂದು ಸಲವೂ ಕೊಟ್ಟಿರಲಿಲ್ಲ. ಇದೇನು ವಿಚಿತ್ರ ಎಂದು ಭಾರ್ಗವಿಯವರು ಸಂಜೆಯವರೆಗೆ ಕಾದರು. ಒಂಬತ್ತನೆಯ ತೊಟ್ಟಿಯಲ್ಲಿ ಹೋದ ವಾರವಷ್ಟೇ ಸೇರಿದ ನಳಿನಾಕ್ಷಿ ತಲೆ ತಗ್ಗಿಸಿ ಕೂತಿದ್ದಳು. ಹಬೆ ನಿಂತಿತು. ಎಂಟನೆಯ ತೊಟ್ಟಿಯ ಯಂತ್ರ ಮಾತಾಡಿತು:

“ತಸ್ಲೀಮಾ ಅವರೇ, ಇಂದು ಐವತ್ತೆರಡು ಸಲ ನಿಮ್ಮ ಎಡಗೈ ತೊಟ್ಟಿ ಬಿಟ್ಟು ಹೋಗಿತ್ತು. ಎಲ್ಲಿಗೆ?”

ಚೂಡಿದಾರದ ತೋಳು ಇಳಿಸಿಕೊಳ್ಳುತ್ತಿದ್ದ ತಸ್ಲೀಮಾ ನಳಿನಾಕ್ಷಿಯ ಕಡೆ ತಿರುಗಿಯೂ ನೋಡಲಿಲ್ಲ.

“ಸೆರಗು ಸರಿ ಮಾಡ್ಕೊಂತಿದ್ದೆ,” ಎಂದಳು.

ಯಂತ್ರ ನಂಬಿತು. ಭಾರ್ಗವಿಯವರೂ ನಂಬಿದರು.