ನುಬಾರಾದ ನಾಲ್ಕನೆಯ ಬಾಗಿಲು

1999ನೆಯ ಇಸವಿ ಅಕ್ಟೋಬರ್ 18, ಸೋಮವಾರ ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಎಟೋಬಿಕೋಕಿನ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರರು ರಾಮಮೂರ್ತಿ, ವಯಸ್ಸು ಅರವತ್ತೇಳು, ಮೂಲ ಮೈಸೂರು. ರೋಮನರ ಇತಿಹಾಸ ಓದಲೆಂದು ಕಡಲು ದಾಟಿ ಬಂದು ಇಲ್ಲೇ ನೆಲೆನಿಂತು, ಒಂದು ಚಿಕ್ಕ ದೇವಶಾಸ್ತ್ರ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಳುವಾದ ವಸ್ತು: ಬರಹವಿರುವ ಚರ್ಮದ ಹಾಳೆ, ಒಂದು.

ಇಲ್ಲಿಯವರು ಅಕರೆನ್ಸ್ ರಿಪೋರ್ಟ್ ಎನ್ನುವ ಆ ಕಾಗದವನ್ನು ಡಿಟೆಕ್ಟಿವ್ ಶಿವಲಿಂಗಪ್ಪ ಎಫ್‌ಐಆರ್ ಎಂದೇ ಕರೆಯುತ್ತಿದ್ದ. ಅವನ ತಂದೆ ನವಲಗುಂದದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ತಂದೆಯಿಂದ ಬಂದ ಮಾತು ಬಾಯಿಂದ ಬೇಗ ಹೋಗುವುದಿಲ್ಲ.

10:15ಕ್ಕೆ ಕಾಲೇಜಿನ ಗ್ರಂಥಾಲಯದಲ್ಲಿ ಪಂಚನಾಮೆ ಶುರುವಾಯಿತು. ಬರೆದುಕೊಂಡವಳು ಕಾನ್‌ಸ್ಟೇಬಲ್ ಅಕ್ಷಯಾ. ಥಾರ್ನ್‌ಹಿಲ್ಲಿನಲ್ಲಿ ಹುಟ್ಟಿ ಇಲ್ಲೇ ಬೆಳೆದ ಹುಡುಗಿ. ಕನ್ನಡ ತಿಳಿಯುತ್ತದೆ, ಬಾಯಿ ಮಾತ್ರ ಅರ್ಧ ಇಂಗ್ಲಿಷ್. ಕಬ್ಬಿಣದ ಬೀರು. ಬೀಗ ಒಡೆದಿಲ್ಲ. ಹಾಳೆಯ ಜೊತೆಗೆ ಅದನ್ನು ನಡುವೆ ಇಡುತ್ತಿದ್ದ ಎರಡು ರಟ್ಟು, ತೇವ ಹೀರುವ ಒಂದು ಕಟ್ಟು ಒತ್ತುಕಾಗದ ಕೂಡ ಇಲ್ಲ.

"ಸರ್, ಇದು ಮಾರೋ ಕಳ್ಳ ಅಲ್ಲ," ಎಂದಳು ಅಕ್ಷಯಾ. "ದೇ ಕೇರ್ ಅಬೌಟ್ ಇಟ್."

"ಬೀಗದ ಕೈ ಎಷ್ಟು?" ಶಿವಲಿಂಗಪ್ಪ ಕೇಳಿದ.

"ಎರಡು. ಒಂದು ನಂದು, ಇನ್ನೊಂದು ಜಯಶೀಲಾ ಅವರದು," ಎಂದರು ರಾಮಮೂರ್ತಿ. "ಹನ್ನೊಂದು ವರ್ಷದಿಂದ ನನ್ನ ಪುಸ್ತಕ ಟೈಪ್ ಮಾಡ್ತಿದಾರೆ. ಅವರನ್ನ ಅನುಮಾನಿಸಬೇಡಿ ಸ್ವಾಮಿ."

"ಕಡೀಕ ನೋಡಿದ್ದು?"

"ಹೋದ ಶುಕ್ರವಾರ ನಾಲ್ಕು ಗಂಟೆಗೆ. ಈ ಶುಕ್ರವಾರ ಫೋಟೊ ತೆಗೆಯೋರು ಬರ್ತಾರೆ, ಆಮೇಲೆ ಪುಸ್ತಕ ಅಚ್ಚಿಗೆ. ಹಾಳೆ ಇಲ್ಲದೆ ನನ್ನ ಮಾತು ಯಾರು ನಂಬ್ತಾರೆ? ಹನ್ನೊಂದು ವರ್ಷ ನೀರಲ್ಲಿ ಹೋಮ."

"ಏನೈತ್ರಿ ಅಂಥಾದ್ದು ಅದರಾಗ?"

ರಾಮಮೂರ್ತಿ ಹೇಳಿದರು. ಉತ್ತರ ಆಫ್ರಿಕಾದಲ್ಲಿ ನುಬಾರಾ ಎಂಬ ಸಣ್ಣ ಊರು. ಅಲ್ಲೊಬ್ಬ ಬಿಷಪ್, ಹೆಸರು ಮಾರಿನಸ್. ಕ್ರಿ.ಶ. 303ರಲ್ಲಿ ಚಕ್ರವರ್ತಿಯ ಅಪ್ಪಣೆಯಾಯಿತು: ಕ್ರೈಸ್ತರು ತಮ್ಮ ಗ್ರಂಥಗಳನ್ನು ಒಪ್ಪಿಸಬೇಕು, ಅವುಗಳನ್ನು ಸುಡಬೇಕು. ಅಧಿಕಾರಿಗಳು ಕ್ರೈಸ್ತರು ಪ್ರಾರ್ಥನೆಗೆ ಸೇರುತ್ತಿದ್ದ ಮಾರಿನಸ್ಸನ ಸಭಾಮನೆಗೆ ಬಂದರು. ಅವನು ಗ್ರಂಥವನ್ನು ತಾನೇ ತಂದು ಕೊಟ್ಟ. ಆ ದಿನದ ಶೋಧದ ದಾಖಲೆಯನ್ನು ಮುಂದೆ ಯಾರೋ ಸನ್ಯಾಸಿ ನಕಲು ಮಾಡಿದ್ದೇ ಈ ಹಾಳೆ.

"ಗ್ರಂಥ ಕೊಟ್ಟೋರು ದ್ರೋಹಿಗಳು ಅಂತ ಜಗಳ. ಆಮೇಲೆ ನೂರು ವರ್ಷ ಆ ಊರಿಗೆ ಇಬ್ಬರು ಬಿಷಪ್ಪರು ಕಣ್ರಿ. ಕೊಟ್ಟವರ ಕಡೆಗೊಬ್ಬ, ಕೊಡದವರ ಕಡೆಗೊಬ್ಬ. ಒಂದೇ ಬೀದೀಲಿ ಎರಡು ಚರ್ಚು, ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ."

"ನಮ್ಮ ಕನ್ನಡ ಸಂಘದ ಹಂಗ ಅನ್ರಿ."

ರಾಮಮೂರ್ತಿಗಳಿಗೆ ಆ ದುಃಖದಲ್ಲೂ ನಗು ಬಂತು.

ಮಂಗಳವಾರ, 19ನೇ ತಾರೀಖು ಸಂಜೆ 5:40. ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಮಹಡಿ. ಜಯಶೀಲಾ, ವಯಸ್ಸು ಐವತ್ತೆಂಟು, ವಿಧವೆ. ಗದಗಿನ ಕಡೆಯ ನೇಕಾರ ಕ್ರೈಸ್ತ ಮನೆತನದವರು. ಭಾನುವಾರ ಮಕ್ಕಳಿಗೆ ಕನ್ನಡ ಕೀರ್ತನೆ ಕಲಿಸುತ್ತಾರೆ. ಬಾಗಿಲು ತೆರೆದವರು ಕೇಳುವ ಮೊದಲೇ ಬೀಗದ ಕೈ ಮುಂದೆ ಚಾಚಿದರು.

"ತಗೊಳ್ರಿ. ನೋಡೂದಿದ್ರ ಮನೀನೂ ನೋಡ್ರಿ, ನಂದೇನೂ ಅಡ್ಡಿಯಿಲ್ಲ."

ಟೈಪ್ ಮಾಡಿದ ಹಾಳೆಗಳ ನಾಲ್ಕು ಪೆಟ್ಟಿಗೆ, ಫ್ಲಾಪಿಗಳ ಡಬ್ಬಿ, ಗಂಡನ ಹಳೆಯ ಸೂಟ್‌ಕೇಸು, ಎಲ್ಲವನ್ನೂ ತಾವೇ ಎಳೆದು ತೆರೆದಿಟ್ಟರು. ಹಾಸಿಗೆ ಕೂಡ ಎತ್ತಿ ತೋರಿಸಿದರು. ಅಕ್ಷಯಾ ಬರೆದುಕೊಂಡಳು. ಚಹಾ ಬಂತು, ಜೊತೆಗೆ ಕರದಂಟು.

"ಶುಕ್ರವಾರ ಎಷ್ಟಕ್ಕ ಹೊರಗ ಬಂದ್ರಿ?"

"ಐದಕ್ಕ."

"ಸಾಹೇಬರು ಇದ್ರೇನು?"

"ಮೊದಲ ಹೋಗಿದ್ರು."

ಲಿಫ್ಟಿನಲ್ಲಿ ಅಕ್ಷಯಾ, "ಶಿ ಇಸ್ ಕ್ಲೀನ್, ಸರ್. ಇಷ್ಟು ಕೋಆಪರೇಟ್ ಯಾರೂ ಮಾಡಲ್ಲ," ಎಂದಳು. ಹಲ್ಲಿಗೆ ಸಿಕ್ಕ ಕರದಂಟಿನಂತೆ ಏನೋ ಒಂದು ಶಿವಲಿಂಗಪ್ಪನ ಮನಸ್ಸಿಗೆ ಅಂಟಿಕೊಂಡಿತ್ತು.

ಬುಧವಾರ ಮಧ್ಯಾಹ್ನ 2 ಗಂಟೆಗೆ ಅವನು ರಾಮಮೂರ್ತಿಗಳ ಮುಂದೆ ಕುಳಿತು, ಆ ದಾಖಲೆಗೆ ಅವರು ಮಾಡಿದ್ದ ಅನುವಾದ ಓದಿದ. ಓದುತ್ತ ಹೋದಂತೆ ಮೈ ನೆಟ್ಟಗಾಯಿತು. ಇದು ಪುರಾಣವಲ್ಲ, ಪಂಚನಾಮೆ! ಸಾವಿರದ ಏಳುನೂರು ವರ್ಷದ ಹಿಂದೆ ಅವನಂಥವನೇ ಒಬ್ಬ, ಬಿಸಿಲಿನಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತ ಬರೆಸಿದ್ದು. ಮನೆಗೆ ಬಾಗಿಲು ನಾಲ್ಕು. ಮೊದಲನೆಯ ಬಾಗಿಲು: ಬೆಳ್ಳಿಯ ಬಟ್ಟಲು ಎರಡು, ಹಿತ್ತಾಳೆಯ ದೀಪ ಏಳು. ಎರಡನೆಯದು: ಬಡ ಹೆಂಗಸರಿಗೆ ಕೊಡಲು ಇಟ್ಟ ಅಂಗಿ ಮೂವತ್ತೆಂಟು, ಮಕ್ಕಳ ಚಪ್ಪಲಿ ಹತ್ತೊಂಬತ್ತು ಜೋಡಿ. ಮೂರನೆಯದು: ಎಣ್ಣೆಯ ಗುಡಾಣ ನಾಲ್ಕು. ಆಗ ಬಿಷಪ್ ಮಾರಿನಸ್ ದೊಡ್ಡದೊಂದು ಗ್ರಂಥವನ್ನು ತಾನಾಗಿಯೇ ತಂದು ಮುಂದಿಟ್ಟನು. ಮುದ್ರೆ ಹಾಕಿ ಹೊರಟೆವು.

ದೇವರ ಮನೆಯಲ್ಲಿ ಎಷ್ಟು ಚಪ್ಪಲಿ ಇದ್ದವೆಂದು ಭಕ್ತರು ಬರೆದಿಡಲಿಲ್ಲ. ಸುಡಲು ಬಂದವರು ಬರೆದಿಟ್ಟರು. ಶಿವಲಿಂಗಪ್ಪ ಬಾಗಿಲುಗಳನ್ನು ಬೆರಳಿಟ್ಟು ಮತ್ತೆ ಎಣಿಸಿದ.

"ಸರ್, ನಾಲ್ಕನೇ ಬಾಗಲ ಎಲ್ಲಿ?"

"ನಕಲು ಮಾಡ್ದೋನು ಒಂದು ಸಾಲು ಬಿಟ್ಟಿರಬೇಕು ಅಂದ್ಕೊಂಡಿದ್ದೆ."

"ಬಿಟ್ಟಿಲ್ರಿ. ಆ ಬಾಗಲಾನ ಯಾರೂ ತಗದಿಲ್ಲ. ಇದು ನನ್ನ ಕಸುಬಿನ ಮಾತು. ಕೇಳೂದ್ರಾಗ ತಂದು ಕೊಟ್ಟಾಂವ ಇನ್ನೇನನ್ನೋ ಮುಚ್ಚಿಟ್ಟು ಕಾಯಾಕತ್ತಿರ್ತಾನ. ಪೊಲೀಸರಿಗೆ ಬಂದ ಕೆಲಸ ಆತು, ಬಿಸಲು ಬ್ಯಾರೆ, ಹೊಂಟ್ರು."

ರಾಮಮೂರ್ತಿ ಕನ್ನಡಕ ತೆಗೆದರು. "ಜಯಶೀಲಾ ಅವರೂ ಇದನ್ನೇ ಹೇಳಿದ್ರು. ಹೋದ ತಿಂಗಳು, ಅಳ್ತಾ. 'ಕೊಟ್ಟವನು' ಅಂತ ಆ ಅಧ್ಯಾಯಕ್ಕೆ ಹೆಸರಿಡಬೇಡಿ ಅಂದ್ರು. ಊಹೇನ ಇತಿಹಾಸ ಅನ್ನಲ್ಲಮ್ಮ ಅಂದೆ ನಾನು."

ಶಿವಲಿಂಗಪ್ಪ ಪಕ್ಕದಲ್ಲಿದ್ದ ಅಕ್ಷಯಾಳ ನೋಟ್‌ಬುಕ್ಕಿಗೆ ಕೈ ಚಾಚಿದ. ಜಯಶೀಲಾರ ಮನೆಯ ಪಟ್ಟಿ. ನಡುಮನೆ: ಪೆಟ್ಟಿಗೆ ನಾಲ್ಕು, ಫ್ಲಾಪಿ ಡಬ್ಬಿ ಒಂದು. ಮಲಗುವ ಕೋಣೆ: ಸೂಟ್‌ಕೇಸು, ಹಾಸಿಗೆ. ಅಲ್ಲಿಗೆ ಪಟ್ಟಿ ಮುಗಿದಿತ್ತು.

"ಅಡಿಗಿಮನಿ ನೋಡಿದ್ವೇನು ತಂಗಿ?"

ಅಕ್ಷಯಾಳ ಮುಖ ಕೆಂಪಾಯಿತು. "ಚಹಾ ಕುಡಿದು ಬಂದ್ವಿ, ಸರ್." ಆ ದಿನ ಅವಳ ಬಾಯಿಂದ ಬಂದ ಪೂರ್ತಿ ಕನ್ನಡ ಮಾತು ಅದೊಂದೇ.

ಸಂಜೆ 4:30ಕ್ಕೆ ಮತ್ತೆ ಅದೇ ಬಾಗಿಲು. ಶಿವಲಿಂಗಪ್ಪ ಬೂಟು ಕಳಚಿ ಒಳಗೆ ಬಂದ.

"ಅಕ್ಕಾರ, ಅಡಿಗಿಮನಿ ನೋಡಬಹುದೇನ್ರಿ?"

ಜಯಶೀಲಾ ಅವನನ್ನೇ ನೋಡಿದರು. ಆಮೇಲೆ ಸ್ಟೂಲು ತಂದು, ಹತ್ತಿ, ಫ್ರಿಜ್ಜಿನ ಮೇಲಿನ ಕಪಾಟಿನಿಂದ ರಟ್ಟುಗಳೆರಡನ್ನು ಕೆಳಗಿಳಿಸಿದರು. ನಡುವೆ ಹಾಳೆ, ಒತ್ತುಕಾಗದ. ತೇವ ಹೀರಲೆಂದು ಕಪಾಟಿನಲ್ಲಿ ಒಣ ಅಕ್ಕಿಯ ಗಂಟು ಇಟ್ಟಿದ್ದರು.

"ಒಲಿ ಹಚ್ಚಿಲ್ರಿ ಐದು ದಿನ. ಉಗಿ ತಾಗಬಾರದು ಅಂತ. ನಿನ್ನಿ ಚಹಾನೂ ಎಲೆಕ್ಟ್ರಿಕ್ ಕೆಟಲ್ಲಿಂದು," ಎಂದರು. "ಹಾಳ ಮಾಡಾಕ ಒಯ್ದಿಲ್ರಿ. ಅಚ್ಚು ಆಗೂದು ನಿಂದರ್ಲಿ ಅಂತ."

4:52ಕ್ಕೆ ಬಂಧನ. ಹಕ್ಕುಗಳನ್ನು ಅಕ್ಷಯಾ ಓದಿ ಹೇಳಿದಳು. ಕೈಕೋಳ ತೆಗೆಯಲು ಹೋದವಳನ್ನು ಶಿವಲಿಂಗಪ್ಪ ಕಣ್ಣಿನಲ್ಲೇ ತಡೆದ.

ಠಾಣೆಗೆ ರಾಮಮೂರ್ತಿ ಓಡಿ ಬಂದರು. "ದೂರು ವಾಪಸ್ ತಗೋತೀನಿ."

"ಇಲ್ಲಿ ಕೇಸು ನಿಮ್ಮದಲ್ಲರಿ, ಸರಕಾರದ್ದು. ಕುಂದರ್ರಿ."

ವಕೀಲರಿಗೆ ಫೋನು ಮಾಡುವುದಿದ್ದರೆ ಮಾಡಿ ಎಂದರೂ ಜಯಶೀಲಾ ಬೇಡವೆಂದರು. ಹೇಳಿಕೆ ಕೊಡುತ್ತೇನೆ, ಸಾಹೇಬರೂ ಕೇಳಲಿ ಎಂದರು.

"ನಲವತ್ತೆರಡರ ಚಳವಳ್ಯಾಗ ನಮ್ಮಜ್ಜ ಊರ ಚರ್ಚಿನ ಸಭೆಯ ಉಪದೇಶಿ ಇದ್ದ. ತಂತಿ ಕಡಿದ ಹುಡುಗೂರನ್ನ ಹುಡುಕ್ಕೋತ ಪೊಲೀಸರು ಬಂದ್ರು. ಅಜ್ಜ ಸಭೆಯ ರಿಜಿಸ್ಟರು, ಪೆಟಿಗಿ, ಬೀಗದ ಕೈ ಎಲ್ಲಾ ಬಾಗಲ ಹೊಚ್ಚಲಕ್ಕ ತಂದು ಕೊಟ್ಟ. ಅವ್ರು ಒಳಗ ಬರಲಿಲ್ಲ, ತಗೊಂಡು ಹೋದ್ರು. ಊರವರು 'ಪೊಲೀಸರಿಗೆ ಕೊಟ್ಟಾಂವ' ಅಂದ್ರು. ಸಾಯೂತನಕ ಒಬ್ಬರೂ ಅವನ ಕೈಯಿಂದ ಪ್ರಸಾದದ ರೊಟ್ಟಿ ತಗೊಳ್ಳಲಿಲ್ರಿ. ನಮ್ಮಜ್ಜಿ ದ್ಯಾಮವ್ವ ಸಾಯೂ ಮುಂದ ನನ್ನ ಕಿವ್ಯಾಗ ಹೇಳಿದ್ಲು, ಆ ದಿನ ಒಳಗ ಮಗ್ಗದ ಕೆಳಗಿನ ಗುಂಡ್ಯಾಗ ಇಬ್ಬರು ಹುಡುಗೂರು ಅಡಗಿದ್ರು ಅಂತ."

"ಅಜ್ಜ ಯಾಕ ಹೇಳಲಿಲ್ಲ?"

"ಹೇಳಿದ್ರ ಹುಡುಗೂರು ಸಿಗತಿದ್ರು. ಆಮ್ಯಾಲ ಸ್ವರಾಜ್ಯ ಬಂತು, ಯಾರೂ ಕೇಳಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಕದ್ದದ್ದು ತಪ್ಪರಿ. ಅದನ್ನ ಹಂಗ ಬರಕೊಳ್ರಿ."

ಉದ್ದೇಶ ಎಂಬ ಕಡೆ ಶಿವಲಿಂಗಪ್ಪ ಬರೆದ: ಒಬ್ಬ ಸತ್ತವನ ಹೆಸರಿಗೆ ಕಳಂಕ ಬರಬಾರದೆಂದು. ಬಿಷಪ್ಪನ ಜೊತೆ ಅಜ್ಜನನ್ನೂ ಸೇರಿಸಿ, 'ಒಬ್ಬ ಸತ್ತವನ' ಎಂಬುದನ್ನು ಹೊಡೆದು 'ಇಬ್ಬರು ಸತ್ತವರ' ಎಂದು ಮಾಡಿದ. ಆಮೇಲೆ ನ್ಯಾಯಾಲಯಕ್ಕೆ ಹಾಜರಾಗುವ ಮುಚ್ಚಳಿಕೆಯನ್ನು ಜಯಶೀಲಾರ ಮುಂದೆ ಇಟ್ಟ.

"ಜಯಶೀಲಾ," ಎಂದರು ರಾಮಮೂರ್ತಿ. "ಆ ನಾಲ್ಕನೇ ಬಾಗಿಲ ಹಿಂದೆ ಏನಿತ್ತು ಅಂತ ನಾನು ಬರೆಯೋಕಾಗಲ್ಲ."

"ಗೊತ್ತದ ಸರ್."

"ತೆಗೀಲಿಲ್ಲ ಅಂತ ಬರೀಬಹುದು. ಅದಕ್ಕೆ ಆಧಾರ ಇದೆ."

ಜಯಶೀಲಾ ಸಹಿ ಹಾಕುತ್ತಿದ್ದ ಪೆನ್ನು ನಿಲ್ಲಿಸಿದರು. "ಅಡಿಟಿಪ್ಪಣ್ಯಾಗ ಹಾಕ್ತೀರೇನು?"

ಮುದುಕರು ಕನ್ನಡಕ ಒರೆಸಿ ಹಾಕಿಕೊಂಡರು.

"ಇಲ್ಲಮ್ಮ. ಮೇಲೇ ಹಾಕ್ತೀನಿ. ಆ ಅಧ್ಯಾಯದ ಮೊದಲನೇ ಸಾಲಲ್ಲಿ."