ಕೆಡದ ಕಂಪ್ಯೂಟರ್ ಕೆಟ್ಟ ದಿನ

"ಅಕ್ಕಾ, ಬೇಗ ಬನ್ನಿ! ನನ್ನ ಕಂಪ್ಯೂಟರ್ ಹೋಗ್ಬಿಡ್ತು!"

ಕೆಳಗಿನ ಮನೆಯ, ಕಸೂತಿ ಕೆಲಸ ಮಾಡುವ ಸೊಸೆ ಮೆಟ್ಟಿಲು ಹತ್ತುತ್ತಲೇ ಕೂಗಿದಾಗ ಮೇಷ್ಟ್ರ ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಅವಳ ಕಂಪ್ಯೂಟರ್ ಕೆಟ್ಟರೆ ಭೂಗೋಳ ಪಾಠ ಹೇಳಿ ನಿವೃತ್ತರಾದ ಮನುಷ್ಯನಿಗೇನು ನಷ್ಟ ಎನ್ನಬೇಡಿ. ಅದರ ಹಳೆಯ ತಂತ್ರಾಂಶ ಕಿತ್ತು ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿಕೊಟ್ಟವರೇ ಅವರು. ಹಾಕಿಕೊಟ್ಟು ಸುಮ್ಮನಿದ್ದರಾದರೂ ಆಗುತ್ತಿತ್ತು. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಕತ್ತಿಗೆ ಕತ್ತು ಒಡ್ಡಿ ಕೂತಾಗಲೂ ಅದರದೇ ಗುಣಗಾನ.

"ವೈರಸ್ಸಿನ ಕಾಟ ಇಲ್ಲ. ಹಳೇದರ ಥರ ಕೆಲ್ಸದ ಮಧ್ಯೆ 'ತಾಳಿ, ಅಪ್‌ಡೇಟ್ ಅಲಂಕಾರ ಮಾಡ್ಕೊಂಡು ಬರ್ತೀನಿ' ಅಂತ ಮುಖ ಮುಚ್ಕೊಳ್ಳಲ್ಲ. ಗುಜರಿಗೆ ಹಾಕೋ ಡಬ್ಬ ಎಳೇ ಕರು ಥರ ನೆಗೆಯುತ್ತೆ. ಏಳು ಅಂದ್ರೆ ಏಳುತ್ತೆ, ಮಲಗು ಅಂದ್ರೆ ಮಲಗುತ್ತೆ. ಇಷ್ಟು ಮಾತು ಕೇಳೋರು ನಮ್ಮನೇಲಿ ಇನ್ಯಾರೂ ಇಲ್ಲ!"

ಹೀಗೆ ಹೇಳಿ ಹೇಳಿಯೇ ಇಡೀ ಕಟ್ಟಡಕ್ಕೆ ಲಿನಕ್ಸ್ ಹತ್ತಿಸಿದ್ದರು. ಈಗ ನೋಡಿದರೆ ಈ ಸುದ್ದಿ.

"ಅದು ಕೆಡಲ್ಲಮ್ಮಾ," ಎಂದರು.

"ಕೆಟ್ಟಿದೆ ಮೇಷ್ಟ್ರೇ! ವಾದ್ಯತಂಡದವರ ಕೋಟುಗಳಿಗೆ ಇವತ್ತು ಕಸೂತಿ ಹಾಕ್ಬೇಕು. ಬಿಟ್ಟಿ ಸಿಕ್ಕಿದ್ದನ್ನ ನಂಬಿದ್ದೇ ನನ್ನ ತಪ್ಪು. ಹಳೇದನ್ನೇ ವಾಪಸ್ ಹಾಕಿಸ್ಕೋತೀನಿ. ಎದುರುಮನೆಯವರೂ ಅದನ್ನೇ ಹೇಳಿದ್ರು."

ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅವರ ಅಕ್ಕ ಮಾತ್ರ ನಿಧಾನವಾಗಿ ಚಪ್ಪಲಿ ಮೆಟ್ಟಿದಳು. ಜೀವಮಾನವೆಲ್ಲ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವಳು. ಯಾರ ಮನೆಯ ಹಾಲನ್ನು ಯಾರ ಬೆಕ್ಕು ಕುಡಿಯಿತು ಎಂಬುದರಿಂದ ಹಿಡಿದು ಕಟ್ಟಡದ ಸಮಸ್ತ ವ್ಯಾಜ್ಯಗಳೂ ಅವಳ ಬಾಗಿಲಿಗೇ ಬರುತ್ತಿದ್ದವು.

"ನಡಿಯೋ ತಮ್ಮಾ. ಅಳೋದಿದ್ರೆ ಹೆಣ ನೋಡಿದ್ಮೇಲೆ ಅಳು."

ಕೆಲಸದ ಕೋಣೆಯಲ್ಲಿ ಬಣ್ಣಬಣ್ಣದ ದಾರದ ರೀಲುಗಳು, ಕಸೂತಿ ಯಂತ್ರ, ಅದರ ಪಕ್ಕ ಕಂಪ್ಯೂಟರ್. ಕಿಟಕಿಯ ಬಳಿ ಸೊಸೆಯ ಮಾವ ಕನ್ನಡಕ ಏರಿಸಿ, ಅಂಗಿ ಜೇಬಿನ ಮೇಲೆ ಕೈಯಿಟ್ಟು ಕೂತಿದ್ದರು. ಅವರೆದುರು ಅರ್ಧಕ್ಕೆ ನಿಂತ ಚೆಸ್ ಆಟ.

ಅಕ್ಕ ಗುಂಡಿ ಒತ್ತಿದಳು. ಪೀಂ, ಪೀಂ ಎಂದು ಡಬ್ಬ ಅರಚಿತು. ಪರದೆ ಮಾತ್ರ ಕಪ್ಪು.

"ರಿಪೇರಿಯವನನ್ನ ಕರೀರಿ ಅಂತ ಆಗ್ಲಿಂದ ಬಡ್ಕೋತಿದೀನಿ," ಎಂದರು ಮಾವ. "ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ?"

ಅಕ್ಕ ಡಬ್ಬದ ಮೇಲೆ ಬೆರಳಾಡಿಸಿದಳು. ತಲೆಯ ಮೇಲೆಲ್ಲ ಧೂಳು, ಪಕ್ಕದ ಮುಚ್ಚಳದ ಅಂಚು ಮಾತ್ರ ಸ್ವಚ್ಛ. ಸ್ಕ್ರೂ ಸಡಿಲವಾಗಿತ್ತು, ಅದರ ತಲೆ ಚಮಚದಿಂದ ಕೆರೆದಂತೆ ಗೀಚಿಹೋಗಿತ್ತು. ಮೇಜಿನ ಮೇಲೆ ಗುಲಾಬಿ ಬಣ್ಣದ ರಬ್ಬರಿನ ಪುಡಿ.

"ನೀನು ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸ್ತೀಯೇನಮ್ಮ?"

"ಎಲ್ಲಿ ಅಕ್ಕಾ, ಎಲ್ಲಾ ಕಂಪ್ಯೂಟರಲ್ಲೇ."

ಅಕ್ಕ ಚೆಸ್ ಹಲಗೆಯ ಕುದುರೆಯೊಂದನ್ನು ಎತ್ತಿ ನೋಡಿದಳು. ಕಿವಿಯ ಸಂದಿಯಲ್ಲೂ ಧೂಳಿಲ್ಲ. "ಯಾರ ಜೊತೆ ಆಟ ಯಜಮಾನ್ರೇ?"

"ಯಾರ ಜೊತೆ ಆಡ್ಲಿ? ವರ್ಷ ಆಯ್ತು ನಿಂತು. ಕುದುರೆ ಎಲ್ಲಿತ್ತೋ ಅಲ್ಲೇ ಇಡಮ್ಮ!"

"ರಿಪೇರಿಯವನನ್ನ ಕರೆಸಿ," ಎಂದಳು ಅಕ್ಕ.

ಮೇಷ್ಟ್ರು ಅವಳನ್ನು ಮೂಲೆಗೆ ಎಳೆದರು. "ಅಕ್ಕಾ, ಅವನೇ ಕೆಡಿಸಿರ್ಬೇಕು! ಮೊದ್ಲು ವಾರ ವಾರ ಬರೋನು. ಲಿನಕ್ಸ್ ಬಂದ್ಮೇಲೆ ಅವನ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು."

"ನಿನ್ನ ಪಾಠ ಆಮೇಲೆ. ಇದು ಹೇಳು. ನಿನ್ನ ಲಿನಕ್ಸ್ ಏಳೋದು ಈ ಪೀಂ ಪೀಂಗೆ ಮೊದ್ಲೋ, ಆಮೇಲೋ?"

"ಆಮೇಲೆ. ಇದು ಬರೀ ಡಬ್ಬದ ಕೂಗು. ಲಿನಕ್ಸ್ ಇನ್ನೂ ಎದ್ದೇ..." ಮೇಷ್ಟ್ರು ಅಲ್ಲೇ ನಿಂತರು. ಮುಖ ಅರಳಿತು.

ರಿಪೇರಿಯವನು ಬಂದ. ಡಬ್ಬದ ಕೂಗು ಕೇಳಿಯೇ ತಲೆಯಾಡಿಸಿ ಮುಚ್ಚಳ ಬಿಚ್ಚಿದ. "ರ‍್ಯಾಮೇ ಇಲ್ವಲ್ಲ ಮೇಡಂ! ಅರ್ಧ ಗೇಣುದ್ದದ ಹಸಿರು ಪಟ್ಟಿ ಅದು. ಇಲ್ದಿದ್ರೆ ಇದಕ್ಕೆ ಕಣ್ಣು ಬಿಡೋಕೂ ಆಗಲ್ಲ." ಎಲ್ಲರೂ ತನ್ನನ್ನೇ ನೋಡುತ್ತಿರುವುದು ಆಮೇಲೆ ಅವನಿಗೆ ಹೊಳೆಯಿತು. "ಅಯ್ಯೋ, ನಾನು ಈ ಬಾಗಿಲು ನೋಡಿ ವರ್ಷ ಆಯ್ತು!"

"ಎಲ್ರೂ ಕೂತ್ಕೊಳ್ಳಿ," ಎಂದಳು ಅಕ್ಕ. "ಮೊದಲನೇದು, ಲಿನಕ್ಸ್ ನಿರಪರಾಧಿ. ಗಲಾಟೆ ಆದಾಗ ಅದಿನ್ನೂ ನಿದ್ದೇಲಿತ್ತು. ಎರಡನೇದು, ಮುಚ್ಚಳ ಬಿಚ್ಚಿದ್ದು ರಿಪೇರಿಯವನಲ್ಲ. ಚೀಲದ ತುಂಬ ಸ್ಕ್ರೂಡ್ರೈವರ್ ಇಟ್ಕೊಂಡೋನು ಚಮಚ ಯಾಕೆ ಹಿಡೀತಾನೆ? ಇನ್ನು ರಬ್ಬರ್ ಪುಡಿ. ಲೋ, ನೀನು ರ‍್ಯಾಮ್ ತೆಗೆದ್ರೆ ಮೊದ್ಲು ಏನು ಮಾಡ್ತೀಯ?"

"ಕೊಳೆ ಹೋಗ್ಲಿ ಅಂತ ರಬ್ಬರಲ್ಲಿ ಉಜ್ಜೋದು. ನಮ್ಮ ಕಸುಬಿನೋರೆಲ್ಲ ಅದನ್ನೇ ಮಾಡೋದು."

"ಕಳ್ಳ ಯಾವತ್ತಾದ್ರೂ ಕದ್ದ ಮಾಲನ್ನ ಉಜ್ಜಿ ಹೊಳಪು ಮಾಡ್ತಾನಾ? ಉಜ್ಜಿದೋನು ಕದಿಯೋಕೆ ಬಂದೋನಲ್ಲ. ನೀನು ಉಜ್ಜೋದನ್ನ ಪಕ್ಕದಲ್ಲೇ ಕೂತು ವಾರ ವಾರ ನೋಡಿದೋನು. ವಸ್ತು ಹಾಳಾಗ್ಬಾರ್ದು, ಆದ್ರೆ ನೀನು ಬರ್ಬೇಕು, ಅಷ್ಟೇ. ವರ್ಷದಿಂದ ನಿಂತ ಆಟದ ಧೂಳು ಹೊಡೆದು ಕಾಯ್ತಿದ್ದಾನೆ." ಅಕ್ಕ ಕಿಟಕಿಯ ಕಡೆ ತಿರುಗಿದಳು. "ಬಸ್ಸಲ್ಲಿ ಬಚ್ಚಿಡೋಕೆ ಏನಾದ್ರೂ ಇರೋರು ಜೇಬಿಂದ ಕೈ ತೆಗೆಯೋದೇ ಇಲ್ಲ. ಕನ್ನಡಕ ಮೂಗಿನ ಮೇಲಿದೆ ಯಜಮಾನ್ರೇ. ಜೇಬಲ್ಲಿರೋ ಕನ್ನಡಕದ ಖಾಲಿ ಡಬ್ಬಿಗೆ ಬೆಳಿಗ್ಗೆಯಿಂದ ಯಾಕೆ ಕಾವಲು?"

ಮಾವ ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದರು. ಒಳಗೆ ಕರವಸ್ತ್ರದಲ್ಲಿ ಸುತ್ತಿಕೊಂಡು ಹಸಿರು ಪಟ್ಟಿ ಬೆಚ್ಚಗೆ ಮಲಗಿತ್ತು.

"ಹೌದು, ತೆಗ್ದೆ! ಇನ್ನೇನು ಗೆಲ್ಲೋದ್ರಲ್ಲಿದ್ದೆ, ಆವಾಗ ಮೇಷ್ಟ್ರು ಬಂದು ಲಿನಕ್ಸ್ ಹಾಕಿದ್ರು, ಇವನು ಬರೋದೇ ನಿಂತೋಯ್ತು. ನಾಳೆ ಕೆಡುತ್ತೆ, ನಾಡಿದ್ದು ಕೆಡುತ್ತೆ ಅಂತ ಕಾದೆ. ಗದ್ದಲ ಆದ್ರೂ ಆಗ್ಲಿ ಅಂತ ಸಿಕ್ಕ ಸಿಕ್ಕ ಗುಂಡಿ ಒತ್ತಿದೆ. ಈ ದರಿದ್ರದ್ದು ಕೆಡ್ಲೇ ಇಲ್ಲ! ಹಳೇದೇ ವಾಸಿ, ವಾರಕ್ಕೊಂದ್ಸಲ ಕೆಟ್ಟು ನನ್ನ ಮರ್ಯಾದೆ ಉಳಿಸ್ತಿತ್ತು!"

ಮೇಷ್ಟ್ರ ಕಣ್ಣು ತುಂಬಿ ಬಂತು. ಲಿನಕ್ಸನ್ನು ಇಷ್ಟು ಮನಸಾರೆ ಹೊಗಳಿದ್ದನ್ನು ಅವರು ತಮ್ಮ ಬಾಯಿಂದಲೂ ಕೇಳಿರಲಿಲ್ಲ.

"ಒಂದು ಫೋನ್ ಮಾಡಿ ಕರೀಬಾರ್ದಿತ್ತಾ ಮಾವಾ?" ಸೊಸೆಗೆ ನಗು ತಡೆಯಲಾಗಲಿಲ್ಲ.

"ಕರೆದೆನಮ್ಮ. 'ಕೆಲ್ಸ ಇದೆ' ಅಂದ. ತಾನು ಸೋಲೋ ಆಟಕ್ಕೆ ಯಾವನು ಬರ್ತಾನೆ?"

ರಿಪೇರಿಯವನು ಕೆಮ್ಮಿ, ಪಟ್ಟಿಯನ್ನು ಮತ್ತೆ ಕೂರಿಸಿದ. ಸೊಸೆ ಗುಂಡಿ ಒತ್ತಿದಳು. ಪೀಂ ಇಲ್ಲ, ಪಾಂ ಇಲ್ಲ. ಕಾಫಿಗೆ ಸಕ್ಕರೆ ಹಾಕಿ ಕಲಕುವಷ್ಟರಲ್ಲಿ ಕೋಟಿನ ಚಿತ್ರ ಪರದೆಯ ಮೇಲೆ ಅರಳಿ, ಪಕ್ಕದ ಯಂತ್ರ ಹೊಲಿಯತೊಡಗಿತು.

"ನನ್ನ ಮಾತು ವಾಪಸ್ ತಗೊಂಡೆ ಮೇಷ್ಟ್ರೇ," ಎಂದಳು ಸೊಸೆ. "ಇದೇ ಇರ್ಲಿ. ಆದ್ರೆ ಎದುರುಮನೆಯವರನ್ನ ಒಪ್ಸೋದು ನಿಮಗೆ ಬಿಟ್ಟಿದ್ದು. 'ಕಂಪ್ಯೂಟರ್ ಕಸುಬು ಗೊತ್ತಿರೋರು ಯಾರಾದ್ರೂ ಇದನ್ನ ಇಟ್ಕೊಂಡಿದಾರಾ?' ಅಂತ ಕೇಳ್ತಾರೆ ಅವರು."

ಮೇಷ್ಟ್ರು ತಾವು ಲಿನಕ್ಸ್ ಹತ್ತಿಸಿದವರನ್ನೆಲ್ಲ ಬೆರಳು ಮಡಚಿ ಎಣಿಸತೊಡಗಿದರು. ಕಸುಬಿನವರು ಒಬ್ಬರೂ ಇರಲಿಲ್ಲ.

ರಿಪೇರಿಯವನು ಯಜಮಾನರ ಎದುರಿನ ಕುರ್ಚಿ ಎಳೆದು ಕೂತು, ತನ್ನ ರಾಜನ ಗತಿ ನೋಡಿ ನಿಟ್ಟುಸಿರು ಬಿಟ್ಟ. "ನಮ್ಮನೇಲಿರೋದೂ ಲಿನಕ್ಸೇ ಮೇಷ್ಟ್ರೇ," ಎಂದ, ತಲೆ ಎತ್ತದೆ. "ದಿನವಿಡೀ ಊರೋರ ಡಬ್ಬ ಬಿಚ್ಚಿ ಮನೆಗೆ ಹೋದ್ಮೇಲೆ ಅಲ್ಲೂ ಬಿಚ್ಕೊಂಡು ಕೂರ್ಲಾ? ಹೋಗಿ ಹೇಳಿ, ಪರವಾಗಿಲ್ಲ. ಅಂಗಡಿ ಹೆಸರು ಮಾತ್ರ ಹೇಳ್ಬೇಡಿ."

ಅವನ ಮಾತು ಮುಗಿಯುವ ಮೊದಲೇ ಮೇಷ್ಟ್ರು ಎದುರುಮನೆಯ ಕರೆಗಂಟೆ ಒತ್ತುತ್ತಿದ್ದರು.