ಅಂಚೆಪೆಟ್ಟಿಗೆಯ ಬುಡದಲ್ಲಿ

"ಇದು ನನ್ನ ನಾಯಿ ಅಲ್ಲ," ಎಂದ ಲೇಲ್ಯಾಂಡ್.

ಆದರೆ ಆ ಮುದಿ ಕಂದು ನಾಯಿ ಅವನ ಮೊಣಕಾಲಿಗೇ ಒರಗಿ ನಿಂತಿತ್ತು.

"ಅದಕ್ಕೆ ಹಾಗನ್ನಿಸಿದ ಹಾಗಿಲ್ವಲ್ಲ," ಎಂದಳು ಆರ್ಡಿತ್.

ಅಮೆರಿಕದ ಡಕೋಟಾದ ಆ ಗೋಧಿ ಬಯಲಿನಲ್ಲಿ ದಿಕ್ಕಿಲ್ಲದ ಪ್ರಾಣಿಗಳಿಗೆ ಇದ್ದದ್ದು ಅವಳು ನೋಡಿಕೊಳ್ಳುವ ಆಶ್ರಯ ಒಂದೇ. ಪಟ್ಟಣದವರು ಬೇಡವಾದ ನಾಯಿಯನ್ನು ಯಾರದೋ ಹೊಲದ ದಾರಿಯಲ್ಲಿ, ರಸ್ತೆಬದಿಯ ಕಂಬದ ಮೇಲೆ ಆ ಮನೆಯವರು ನಿಲ್ಲಿಸಿಕೊಂಡ ಅಂಚೆಪೆಟ್ಟಿಗೆಯ ಬುಡದಲ್ಲಿ ಇಳಿಸಿ ಹೋಗುವುದುಂಟು. ರೈತರಿಗೆ ಜಾಗವಿದೆ, ಸಾಕಿಕೊಳ್ಳುತ್ತಾರೆ ಎಂಬ ಸಮಾಧಾನ ಅವರಿಗೆ. ಸ್ವಂತ ನಾಯಿಯನ್ನೇ ಆಶ್ರಯಕ್ಕೆ ತಂದು ಬಿಡುವ ರೈತರು ನಾಚಿಕೆಗೆ ಹೇಳುವ ಸುಳ್ಳೂ ಅದೇ... ಅಂಚೆಪೆಟ್ಟಿಗೆ ಹತ್ತಿರ ಸಿಕ್ಕಿತು!

ಲೇಲ್ಯಾಂಡ್ ಹೇಳಿದ್ದೂ ಅದನ್ನೇ. 'ಇವನೂ ಒಬ್ಬ' ಎಂದುಕೊಂಡಳು.

ಸಿಕ್ಕ ನಾಯಿಯನ್ನು ಐದು ದಿನ ಇಟ್ಟುಕೊಂಡು ಯಜಮಾನರಿಗಾಗಿ ಕಾಯಬೇಕೆಂಬುದು ನಿಯಮ. ಯಾರೂ ಬರಲಿಲ್ಲ. ಆರನೆಯ ದಿನ ಬೆಳಿಗ್ಗೆ ಲೇಲ್ಯಾಂಡ್ ಬಂದು, ತಾನೇ ಸಾಕುತ್ತೇನೆ ಎಂದ.

"ಒಂದ್ಸಲ ಬಿಟ್ಟವರ ಕೈಗೆ ನಾನು ಮತ್ತೆ ಕೊಡಲ್ಲ."

ಅವನು ಟೋಪಿ ಹಾಕಿಕೊಂಡು ಹೋದ. ಶನಿವಾರ ಒಂದು ಹೊರೆ ಒಣಹುಲ್ಲು ತಂದು ಗೂಡುಗಳಿಗೆಲ್ಲ ಹಾಸಿದ. ಮುಂದಿನ ಶನಿವಾರವೂ ಬಂದ. ಮಾಡಿದ ತಪ್ಪು ಚುಚ್ಚುತ್ತಿರಬೇಕು ಎಂದುಕೊಂಡಳು ಆರ್ಡಿತ್. ಆದರೂ ಅವನ ಟ್ರಕ್ಕಿನ ಸದ್ದಿಗೆ ನಿಮಿರುತ್ತಿದ್ದುದು ನಾಯಿಯ ಕಿವಿಯಷ್ಟೇ ಅಲ್ಲ... ಅದು ಗೊತ್ತಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ನಾಯಿ ಮಾತ್ರ ತಿನ್ನುವುದನ್ನೇ ಬಿಡುತ್ತಾ ಬಂತು. ಹೀಗೇ ಆದರೆ ಚಳಿಗಾಲ ಕಾಣುವುದಿಲ್ಲ ಎಂದರು ಪಶುವೈದ್ಯೆ.

ಮೂರನೆಯ ವಾರ ಬೇಲಿಯ ಕೆಳಗೆ ಮಣ್ಣು ಕೆದರಿ ಅದು ತಪ್ಪಿಸಿಕೊಂಡಿತು.

ನಾಲ್ಕು ಮೈಲಿ ಹುಡುಕಿಕೊಂಡು ಬಂದ ಆರ್ಡಿತ್‌ಗೆ ಅದು ಕಂಡದ್ದು ಲೇಲ್ಯಾಂಡನ ಹೊಲದ ದಾರಿಯ ಬಾಯಲ್ಲಿ. ಅಂಚೆಪೆಟ್ಟಿಗೆಯ ಬುಡದಲ್ಲಿ ಹುಲ್ಲು ಸವೆದು, ನಾಯಿಯಷ್ಟೇ ಅಗಲಕ್ಕೆ ಮಣ್ಣು ಕಾಣುತ್ತಿತ್ತು. ಅದು ಅಲ್ಲೇ ಮಲಗಿತ್ತು. ಪಕ್ಕದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಲೇಲ್ಯಾಂಡ್ ಕೂತಿದ್ದ. ಬಕೆಟ್ಟಿನ ಅಂಚು ನೆಲದೊಳಗೆ ಹೂತಿತ್ತು. ಒಂದು ದಿನ ಕೂತು ಆದದ್ದಲ್ಲ ಅದು.

"ಎಷ್ಟು ದಿನ ಕೂತಿದ್ರಿ?" ಎಂದಳು.

"ಹನ್ನೆರಡು. ಬಿಟ್ಟುಹೋದ ಕಾರು ಬರುತ್ತೆ ಅಂತ ರಸ್ತೆ ನೋಡ್ತಾ ಇತ್ತು. ಕರೆದ್ರೆ ಬರ್ಲಿಲ್ಲ. ಅದೊಂದೇ ಕಾಯೋದು ಬೇಡ ಅಂತ ನಾನೂ ಕೂತೆ. ಆಮೇಲೆ ತಾನಾಗೇ ಟ್ರಕ್ ಹತ್ತಿತು. ಅದರವರು ಹುಡುಕ್ತಾ ಇದ್ರೆ ಅಂತ ನಿಮ್ಮತ್ರ ತಂದೆ."

"ಇದನ್ನ ಯಾಕೆ ಹೇಳ್ಲಿಲ್ಲ?"

"ನೀವು ಆಗ್ಲೇ ತೀರ್ಮಾನ ಮಾಡಿಬಿಟ್ಟಿದ್ರಲ್ಲ."

ಆರ್ಡಿತ್ ಹುಲ್ಲಿನ ಮೇಲೆ ಕೂತಳು. "ತಪ್ಪಾಯ್ತು," ಎಂದಳು.

ಒಂದು ಕಾರು ದೂಳೆಬ್ಬಿಸುತ್ತಾ ಹೋಯಿತು. ನಾಯಿ ತಲೆಯೆತ್ತಲಿಲ್ಲ. ಅದು ರಸ್ತೆಗೆ ಬೆನ್ನು ಹಾಕಿ, ಲೇಲ್ಯಾಂಡನ ಮನೆಯ ಕಡೆ ಮುಖ ಮಾಡಿ ಮಲಗಿರುವುದನ್ನು ಅವಳು ಆಗ ನೋಡಿದಳು.

"ಮನೆ ನೋಡ್ದೆ ನಾಯಿ ಕೊಡೋ ಹಾಗಿಲ್ಲ," ಎಂದಳು.

"ಬಂದು ನೋಡಿ. ನಿಯಮದಲ್ಲಿ ಎಷ್ಟು ಸಲ ಅಂತಿದೆ?"

"ಒಂದ್ಸಲ." ಅವಳು ನಾಯಿಯ ಕಿವಿ ಸವರಿದಳು. "ನನಗೆ ಅಷ್ಟು ಸಾಕಾಗಲ್ಲ... ನಾನು ಶನಿವಾರ ಶನಿವಾರ ಬರ್ತೀನಿ."

"ಶನಿವಾರ ಮಾತ್ರಾನಾ?" ಎಂದು ಅವನು ಬಕೆಟ್ಟಿನಿಂದ ಎದ್ದು, ಅದನ್ನು ಅವಳ ಕಡೆ ಸರಿಸಿದ.